ಖಾನಾವಳಿಯೊಳಗಿನ ಸಮುದ್ರ

ಗದಗದಲ್ಲಿ ಸಂಗವ್ವ ಎಂಬಾಕೆ ಒಂದು ಖಾನಾವಳಿ ನಡೆಸುತ್ತಿದ್ದಳು. ರೊಟ್ಟಿ, ಪಲ್ಯ, ಸಾರು, ಮಜ್ಜಿಗೆ, ಪಕ್ಕಾ ಸಸ್ಯಾಹಾರಿ. ಅಂಥವಳಿಗೆ ಸಮುದ್ರದ ಮೀನು ಸಾಕುವ ಆಸೆ ಹುಟ್ಟಿತು. ನಗಬೇಡಿ ಮಕ್ಕಳೇ, ಆಸೆ ಯಾರನ್ನೂ ಕೇಳಿಕೊಂಡು ಬರುವುದಿಲ್ಲ. ಕಾರವಾರಕ್ಕೆ ಮದುವೆಗೆಂದು ಹೋದಾಗ ಯಾರದೋ ಮನೆಯ ಗಾಜಿನ ತೊಟ್ಟಿಯಲ್ಲಿ ಕಿತ್ತಳೆ ಬಣ್ಣದ, ಬಿಳಿ ಪಟ್ಟೆಯ ಪುಟ್ಟ ಮೀನುಗಳನ್ನು ನೋಡಿದ್ದಳು. ಊಟಕ್ಕೆ ಕರೆದರೂ ಅಲ್ಲಿಂದ ಕದಲಿರಲಿಲ್ಲ. ಇಷ್ಟು ವರ್ಷ ಬೇರೆಯವರ ಹೊಟ್ಟೆ ನೋಡಿದ್ದಾಯಿತು, ಇದೊಂದು ನನ್ನ ಕಣ್ಣಿಗೆ ಎಂದು ನಿಶ್ಚಯಿಸಿಬಿಟ್ಟಳು.

ಆದರೆ ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲ. ಹುಬ್ಬಳ್ಳಿಯ ಮೀನಿನ ಅಂಗಡಿಗೆ ಹೋಗಿ, ಮಾಲೀಕ ಮಾಬುಸಾಬನಿಗೆ ನೇರವಾಗಿ ಹೇಳಿದಳು: "ತಮ್ಮಾ, ನನ್ನ ಹತ್ರ ರೊಕ್ಕ ಕಡಿಮಿ ಐತಿ. ಆದ್ರ ಮೀನು ಸಾಯಬಾರದು."

ಮಾಬುಸಾಬ ಒಳ್ಳೆಯ ಮನುಷ್ಯ. "ಹಳೇ ತೊಟ್ಟಿ ನಡೀತೈತ್ರಿ ಅಕ್ಕಾರ, ಸಾದಾ ಲೈಟೂ ನಡೀತೈತಿ. ಹವಳ-ಗಿವಳ ಬ್ಯಾಡ. ಎರಡ ಮೀನು ಸಾಕು. ಅಡಗಿ ಉಪ್ಪು ಮಾತ್ರ ಹಾಕಬ್ಯಾಡ್ರಿ, ಸಮುದ್ರದ ಮೀನಿಗಂತನ ಬರೋ ಉಪ್ಪು ಒಯ್ಯಿರಿ. ನೀರಿನ ಉಪ್ಪು ಅಳಿಯೋ ಈ ಮಾಪಕದ ಮುಳ್ಳು ಹಸಿರು ಗೆರಿ ಮ್ಯಾಲ ಇರಬೇಕು, ದಿನಾ ನೋಡ್ರಿ. ನೀರು ಹದಕ್ಕ ಬರೂತನಕ ಮೀನು ಬಿಡಬ್ಯಾಡ್ರಿ. ರೊಕ್ಕ ಕಡಿಮಿ ಇದ್ದವ್ರು ತಾಳ್ಮಿ ಜಾಸ್ತಿ ಹಾಕಬೇಕು" ಎಂದ.

ತೊಟ್ಟಿ ಬಂತು. ಕಲ್ಲು, ಮರಳು, ಉಪ್ಪುನೀರು, ಗುಳುಗುಳು ಎನ್ನುವ ಪಂಪು. ಮೀನು ಮಾತ್ರ ಇಲ್ಲ! ದಿನಾ ಊಟಕ್ಕೆ ಬರುತ್ತಿದ್ದ ಬಟ್ಟೆ ಅಂಗಡಿ ಅಡಿವೆಪ್ಪನಿಗೆ ಇದಕ್ಕಿಂತ ಒಳ್ಳೆಯ ಉಪ್ಪಿನಕಾಯಿ ಬೇಕೇ?

"ಏನ್ರಿ ಸಂಗವ್ವಾರ, ಮೀನು ಎಲ್ಲ್ಯಾವ? ಊಟಕ್ಕ ಹೋಗ್ಯಾವೇನು?"

"ಬರ್ತಾವ. ನೀವು ರೊಟ್ಟಿ ಉಣ್ರಿ" ಎನ್ನುತ್ತಿದ್ದಳು ಸಂಗವ್ವ. ವಾರಗಳು ಕಳೆದವು. ಊರೆಲ್ಲ ನಕ್ಕಿತು. ಆಕೆ ಅವಸರ ಮಾಡಲಿಲ್ಲ. ಸೀಸೆಯಲ್ಲಿ ಒಯ್ದ ನೀರನ್ನು ಪರೀಕ್ಷಿಸಿ, ಹದಕ್ಕೆ ಬಂದಿದೆ ಎಂದು ಮಾಬುಸಾಬ ಹೇಳಿದ ಮೇಲೆಯೇ ಎರಡು ಮೀನು ತಂದು ಬಿಟ್ಟಳು. ಅವತ್ತು ಅಡಿವೆಪ್ಪನ ಸಾರು ಆರಿ ತಣ್ಣಗಾದರೂ ಅವನು ತೊಟ್ಟಿಯ ಮುಂದಿನಿಂದ ಅಲ್ಲಾಡಲಿಲ್ಲ.

ಅಷ್ಟರಲ್ಲಿ ಬೇಸಿಗೆ ಬಂತು. ಗದಗದ ಬಿಸಿಲು ಗೊತ್ತಲ್ಲ! ತೊಟ್ಟಿಯ ನೀರು ದಿನದಿನಕ್ಕೆ ಇಳಿಯತೊಡಗಿತು. ಸಂಗವ್ವ ದಿನವೂ ಉಪ್ಪುನೀರು ಕಲಸಿ ತುಂಬತೊಡಗಿದಳು. ಮೊದಮೊದಲು ಮಾಪಕ ಹಿಡಿದು ನೋಡುತ್ತಿದ್ದಳು. ಆಮೇಲೆ ಅದನ್ನು ಗೋಡೆಯ ಮಾಡದಲ್ಲಿ ಎತ್ತಿಟ್ಟಳು. ಆಕೆಗೊಂದು ಹೆಮ್ಮೆಯಿತ್ತು, ಎಷ್ಟೇ ಜನರ ಸಾರಿಗೂ ಚಮಚ ಹಿಡಿದವಳಲ್ಲ, ಕೈಯಂದಾಜೇ ಅಂದಾಜು. ಸಮುದ್ರದ ಉಪ್ಪಿಗೂ ಅದೇ ಕೈ ಸಾಕು ಎಂದುಕೊಂಡಳು.

ಮೀನುಗಳು ತಿನ್ನುವುದನ್ನು ಬಿಟ್ಟವು. ಮೂಲೆ ಸೇರಿ ಏದುಸಿರು ಬಿಡತೊಡಗಿದವು. ಒಂದು ಮುಂಜಾನೆ ಒಂದು ಮೀನು ತೇಲಿತು. ಸಂಗವ್ವ ಗಿರಾಕಿಗಳ ಎದುರೇ ಗಳಗಳ ಅತ್ತಳು. ಹಿತ್ತಲಿನ ಕರಿಬೇವಿನ ಬುಡದಲ್ಲಿ ಅದನ್ನು ಹುಗಿದು ಬಂದಳು. ಇನ್ನೊಂದೂ ಹೋಗುವ ಹಾಗಿತ್ತು.

ಈ ಸಲ ಅಡಿವೆಪ್ಪ ಚೇಷ್ಟೆ ಮಾಡಲಿಲ್ಲ. ತೊಟ್ಟಿಯ ಹತ್ತಿರ ಬಂದು ಬಗ್ಗಿ ನೋಡಿದ. "ಸಮುದ್ರದ ಜೀವ ಅದು. ಉಪ್ಪು ಸಾಲವಲ್ಲದೇನೋ. ಇನ್ನೊಂದು ಹಿಡಿ ಹಾಕಿ ನೋಡ್ರಿ" ಎಂದ. ಸಂಗವ್ವನಿಗೂ ಹೌದೆನಿಸಿತು. ಹಿಡಿತುಂಬ ಉಪ್ಪು ತೆಗೆದುಕೊಂಡಳು.

ಆಗ ಒಲೆಯ ಹತ್ತಿರವಿದ್ದ ಸೊಸೆ ಕೂಗಿದಳು, "ಅತ್ತಿ, ಸಾರು ಕುದ್ದು ಬತ್ತೇತಿ. ಏನ್ ಹಾಕ್ಲಿ?"

"ನೀರು ಹಾಕ ಹುಚ್ಚೀ! ಉಪ್ಪೇನು ಉಗಿ ಆಗಿ ಹೋಗತೈತೇನು?"

ಹೇಳಿದವಳು ಹಿಡಿಯಲ್ಲಿದ್ದ ಉಪ್ಪು ಹಾಕದೆ ಹಾಗೇ ನಿಂತುಬಿಟ್ಟಳು. ಬಿಸಿಲಿಗೆ ಆರಿ ಹೋಗಿದ್ದು ಬರೀ ನೀರು. ಉಪ್ಪು ತೊಟ್ಟಿಯಲ್ಲೇ ಉಳಿದಿತ್ತು. ಅದರ ಮೇಲೆ ದಿನವೂ ಪ್ರೀತಿಯಿಂದ ಇನ್ನಷ್ಟು ಉಪ್ಪು ಸುರಿದವಳು ತಾನೇ. ಓಡಿ ಹೋಗಿ ಮಾಪಕ ಇಳಿಸಿ ನೋಡಿದಳು. ಮುಳ್ಳು ಹಸಿರು ಗೆರೆ ದಾಟಿ ಎಲ್ಲಿಗೋ ಹೋಗಿತ್ತು.

"ಅದನ್ನ ಕೊಂದಾಕಿ ನಾನ" ಎಂದಳು.

"ಹಂಗಾರ ಒಂದು ಬಕೆಟ್ ಸಾದಾ ನೀರು ಸುರೀರಿ, ಮುಗೀತು" ಎಂದ ಅಡಿವೆಪ್ಪ.

ಸಂಗವ್ವ ಈಗ ಅಂದಾಜಿಗೆ ಕೈ ಹಾಕಲಿಲ್ಲ. ಮಾಬುಸಾಬನಿಗೆ ಫೋನು ಮಾಡಿದಳು. "ಒಮ್ಮೆಲೆ ಸುರದ್ರ ಉಳದದ್ದೂ ಸತ್ತ ಹೊಕ್ಕೈತಿ ಅಕ್ಕಾರ. ಉಪ್ಪು ನಿಧಾನ ಏರೇತಿ, ನಿಧಾನನ ಇಳಸ್ರಿ" ಎಂದ ಅವನು.

ಕುಡಿಯುವ ನೀರಿನ ಘಟಕದಿಂದ ಶುದ್ಧ ನೀರಿನ ಕ್ಯಾನು ತಂದಳು. ತೊಟ್ಟಿಯಿಂದ ಒಂದು ಲೋಟ ಉಪ್ಪುನೀರು ತೆಗೆಯುವುದು, ಒಂದು ಲೋಟ ಶುದ್ಧ ನೀರು ಹಾಕುವುದು, ಮಾಪಕ ನೋಡುವುದು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು ಒಂದು ಲೋಟ. ಮಧ್ಯಾಹ್ನದ ಗದ್ದಲದಲ್ಲಿ ಒಂದು ಕೈಯಲ್ಲಿ ರೊಟ್ಟಿಯ ತಾಟು, ಇನ್ನೊಂದರಲ್ಲಿ ಮೀನಿನ ಲೋಟ. ದಿನಗಳು ಹೀಗೇ ಹೋದವು, ಮೀನು ಮೂಲೆ ಬಿಡಲಿಲ್ಲ.

"ಬಿಡ್ರಿ ಸಂಗವ್ವಾರ, ಸಮುದ್ರ ಗದಗಕ್ಕ ಬರೂದಲ್ಲ" ಎಂದರು ಕೆಲವರು.

"ಸತ್ತದ್ದಕ್ಕ ಅತ್ತಾತು. ಇದಿನ್ನೂ ಉಸಿರಾಡಾಕತ್ತೈತಿ. ಇದು ಬಿಟ್ಟರ ನಾ ಬಿಡ್ತೀನಿ" ಎಂದಳು ಸಂಗವ್ವ.

ಮುಳ್ಳು ಹಸಿರು ಗೆರೆಗೆ ಇಳಿದು, ಅಲ್ಲೇ ನಿಂತಿತು. ಅದಾದ ಮೇಲೆ ಒಂದು ದಿನ ಹಾಕಿದ ಕಾಳನ್ನು ಮೀನು ಗಬಕ್ಕನೆ ಬಾಯಿಗೆ ಹಾಕಿಕೊಂಡಿತು. ಪಂಕ್ತಿಯಲ್ಲಿ ಕುಳಿತವರೆಲ್ಲ ಎಂಜಲು ಕೈಯಲ್ಲೇ ಎದ್ದು ಬಂದರು.

ಅಡಿವೆಪ್ಪ ಕಣ್ಣರಳಿಸಿ ಕೇಳಿದ, "ಏನ್ ಔಷಧ ಹಾಕಿದ್ರಿ?"

"ಬರೇ ನೀರು ಅಣ್ಣಾರ" ಎಂದಳು ಸಂಗವ್ವ. "ಅದಕ್ಕ ಕಡಿಮಿ ಬಿದ್ದಿದ್ದು ಅಷ್ಟ."

ನೀತಿ: ಪ್ರೀತಿಯಿಂದ ಕೊಟ್ಟರೆ ಸಾಲದು, ಕಡಿಮೆಯಾದದ್ದು ಯಾವುದೆಂದು ಅಳೆದು ನೋಡಿ ಕೊಡಬೇಕು. ತಪ್ಪು ತಿಳಿದ ಮೇಲೆ ಕೈಚೆಲ್ಲಿ ಕೂರದೆ, ಅವಸರವನ್ನೂ ಮಾಡದೆ, ಲೋಟ ಲೋಟವಾಗಿ ತಿದ್ದಿಕೊಳ್ಳುವವನೇ ಉಳಿದದ್ದನ್ನು ಉಳಿಸಿಕೊಳ್ಳುತ್ತಾನೆ.