ಬಳೆಗಾರನ ಜೋಡಿಬಂಡಿ

“ಒಬ್ಬರಿಗೆ ಇಲ್ಲವಾದದ್ದನ್ನು ಇನ್ನೊಬ್ಬರೂ ಬಿಟ್ಟುಬಿಡುವುದು ಪ್ರೀತಿಯಲ್ಲವೇ, ಗುರುಗಳೇ?” ಎಂದು ಚೆನ್ನವೀರ ಕೇಳಿದ.

ಹೀಗೆ ಕೇಳಲು ಅವನಿಗೆ ಕಾರಣವಿತ್ತು. ಅವನೂ ಅವನ ತಮ್ಮನೂ ಮಠದ ಸಂಜೆಯ ಪ್ರಾರ್ಥನೆಯಲ್ಲಿ ಜೊತೆಯಾಗಿ ಹಾಡುತ್ತಿದ್ದವರು. ಹೋದ ವರ್ಷ ಗಂಟಲಿನ ಬೇನೆಯಿಂದ ತಮ್ಮನ ದನಿ ಹೋಯಿತು. ಅಂದಿನಿಂದ ಚೆನ್ನವೀರನೂ ಹಾಡುವುದನ್ನು ಬಿಟ್ಟ. ಊರಿನವರು ಅದನ್ನು ದೊಡ್ಡ ತ್ಯಾಗವೆಂದು ಕೊಂಡಾಡಿದರು. ಗುರುಗಳು ಮಾತ್ರ ಒಂದು ವರ್ಷವಾದರೂ ಚೆನ್ನಾಗಿದೆ ಎಂದಿರಲಿಲ್ಲ, ಕೆಟ್ಟದ್ದು ಎಂದೂ ಹೇಳಿರಲಿಲ್ಲ. ಅದು ಅವನನ್ನು ಕೊರೆಯುತ್ತಿತ್ತು.

ಗುರುಗಳು ಅವನಿಗೆ ಕುಳಿತುಕೊಳ್ಳಲು ಹೇಳಿ, ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಳೆಗಾರನಿದ್ದ. ಒಳ್ಳೆಯವನು. ಅವನ ಒಳ್ಳೆಯತನದ ಮೇಲೆ ಯಾರಿಗೂ ಅನುಮಾನವಿರಲಿಲ್ಲ, ಅವನಿಗಂತೂ ಮೊದಲೇ ಇರಲಿಲ್ಲ. ಕೈಯನ್ನು ಒಮ್ಮೆ ಹಿಡಿದು ಒತ್ತಿ ನೋಡಿದರೆ ಸಾಕು, ಯಾವ ಅಳತೆಯ ಬಳೆ ಎಂದು ಅವನಿಗೆ ತಿಳಿಯುತ್ತಿತ್ತು. ಅವನದೊಂದು ಕಟ್ಟಳೆ ಇತ್ತು. ಯಾರಿಗೇ ಬಳೆ ತೊಡಿಸಲಿ, ಎರಡು ಕೈಯೂ ಸಮನಾಗಿರಬೇಕು. ತೊಡಿಸುವಾಗ ಎಡಗೈಯದೊಂದು ಒಡೆದು, ಅದರ ಜೋಡಿ ಹೆಗಲ ಮೇಲಿನ ಬಳೆಯ ಮಲಾರದಲ್ಲಿ ಸಿಗದೆ ಹೋದರೆ, ಬಲಗೈಯಿಂದಲೂ ಒಂದನ್ನು ತೆಗೆದುಬಿಡುತ್ತಿದ್ದ. ಒಂದು ಕೈ ತುಂಬಿ ಇನ್ನೊಂದು ಕೈ ಬರಿದಾಗಿರುವುದನ್ನು ನೋಡಿದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಅವನಿಗೆ ಅವಳಿ ಹೆಣ್ಣುಮಕ್ಕಳು, ಹೊನ್ನಿ ಮತ್ತು ನೀಲಿ. ಹುಟ್ಟಿದಾಗ ಯಾರು ಯಾರೆಂದು ತಾಯಿಗೂ ಗೊಂದಲವಾಗುತ್ತಿತ್ತು. ಐದನೆಯ ವರ್ಷದಲ್ಲಿ ನೀಲಿಗೆ ಜ್ವರ ಬಂತು. ಜ್ವರ ಇಳಿಯಿತು, ಕಾಲಿನ ಶಕ್ತಿಯನ್ನೂ ಜೊತೆಗೆ ಇಳಿಸಿಕೊಂಡು ಹೋಯಿತು. ಆಮೇಲೆ ಯಾರು ಯಾರೆಂದು ಯಾರಿಗೂ ಗೊಂದಲವಾಗಲಿಲ್ಲ.

ಬಳೆಗಾರ ಸೋಮವಾರ ವ್ಯಾಪಾರಕ್ಕೆ ಹೋಗುತ್ತಿರಲಿಲ್ಲ. ಅಂದು ಹೆಂಡತಿ ಬುತ್ತಿ ಕಟ್ಟುತ್ತಿದ್ದಳು. ನಾಲ್ವರೂ ಊರಾಚೆಯ ಕೆರೆಗೆ ಹೋಗಿ, ಏರಿಯ ಮೇಲಿನ ಹೊಂಗೆ ಮರದಡಿ ಉಂಡು, ಸಂಜೆಗೆ ಮನೆಗೆ ಬರುತ್ತಿದ್ದರು. ಮಕ್ಕಳು ಕೂಸುಗಳಾಗಿದ್ದಾಗ ಬಡಗಿಯೊಬ್ಬ ಮಾಡಿಕೊಟ್ಟ ಪುಟ್ಟ ತಳ್ಳುಬಂಡಿಯೊಂದು ಮನೆಯಲ್ಲಿತ್ತು. ನೀಲಿ ಅದರ ನಡುವೆ ಕುಳಿತು ಬರುತ್ತಿದ್ದಳು. ಹೊನ್ನಿ ಮುಂದೆ ಓಡುತ್ತಿದ್ದಳು. ಏರಿಯ ಈ ತುದಿಯಿಂದ ಆ ತುದಿಗೆ ಓಡಿ, ನೀರಂಚಿನ ಕೊಕ್ಕರೆಗಳನ್ನೆಲ್ಲ ಎಬ್ಬಿಸಿ, ಏದುಸಿರು ಬಿಡುತ್ತ ಬಂಡಿಯ ಹತ್ತಿರ ಬಂದು ಬೀಳುತ್ತಿದ್ದಳು. ಇಬ್ಬರೂ ನಗುತ್ತಿದ್ದರು.

ಮಕ್ಕಳಿಗೆ ಏಳು ತುಂಬಿದ ವರ್ಷ ಒಂದು ಸೋಮವಾರ, ಹಿಂದಿರುಗುವ ಹೊತ್ತಿಗೆ ನೀಲಿ ಅತ್ತಳು. ಸದ್ದಿಲ್ಲದೆ, ಮುಖ ತಿರುಗಿಸಿಕೊಂಡು ಅತ್ತಳು. ಬಳೆಗಾರ ಅದನ್ನು ನೋಡಿದ. ಯಾಕಮ್ಮ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಅವನಿಗೆ ಗೊತ್ತಿತ್ತು. ಒಳ್ಳೆಯವರ ಕಷ್ಟವೇ ಇದು, ಅವರಿಗೆ ಕೇಳುವ ಮೊದಲೇ ಗೊತ್ತಿರುತ್ತದೆ. ಅಕ್ಕ ಓಡುತ್ತಾಳೆ, ತಂಗಿ ಕುಳಿತು ನೋಡಬೇಕು, ಇನ್ನೇನು ಕಾರಣ ಬೇಕು ಎಂದುಕೊಂಡ. ಅಂದು ರಾತ್ರಿ ಅವನು ಊಟ ಮಾಡಲಿಲ್ಲ.

ಮಾರನೆಯ ದಿನ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಬಡಗಿಯ ಹತ್ತಿರ ಹೋದ. ಹಳೆಯ ಬಂಡಿ ಚಿಕ್ಕದಾಗಿತ್ತು, ನೀಲಿಯ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ದೊಡ್ಡದೊಂದು ಬೇಕು, ಇಬ್ಬರು ಕೂರುವಂಥದ್ದು, ಇನ್ನೂ ಐದಾರು ವರ್ಷ ಬಾಳುವಂಥದ್ದು ಎಂದ. ಬಡಗಿ ನೀಲಿಯನ್ನು ಎತ್ತಿ ಭಾರ ನೋಡಿದ. ಹೊನ್ನಿಯನ್ನು ಎತ್ತಲು ಹೋದರೆ ಅವಳು ತಪ್ಪಿಸಿಕೊಂಡು ಮರದ ದಿಮ್ಮಿಗಳ ಮೇಲೆ ಹಾರುತ್ತ ಹೋದಳು.

ಬಡಗಿ ತನಗೆ ತಿಳಿದಷ್ಟು ಹೇಳಿದ. ಒಂದರ ಹಿಂದೆ ಒಂದು ಆಸನವಿಟ್ಟರೆ ಬಂಡಿ ಸಪುರವಾಗಿ ಓಣಿಯಲ್ಲಿ ಸಲೀಸಾಗಿ ಹೋಗುತ್ತದೆ. ಆದರೆ ಉದ್ದವಾಗುತ್ತದೆ, ತಿರುವಿನಲ್ಲಿ ಕಷ್ಟ. ಪಕ್ಕಪಕ್ಕದಲ್ಲಿಟ್ಟರೆ ತಿರುಗಿಸುವುದು ಸುಲಭ. ಆದರೆ ಇಷ್ಟು ದೊಡ್ಡ ಮಕ್ಕಳಿಗೆ ಪಕ್ಕಪಕ್ಕ ಎಂದರೆ ನಿನ್ನ ಮನೆಯ ಬಾಗಿಲಲ್ಲಿ ಹಿಡಿಸುವುದಿಲ್ಲ. ತನ್ನನ್ನು ಕೇಳಿದರೆ ಒಂದೇ ಆಸನ ಮಾಡಿಸಿ, ಹಿಂದೊಂದು ಹಲಗೆ ಬಿಡಿಸು, ಓಡಿ ದಣಿದವಳು ಅದರ ಮೇಲೆ ನಿಂತುಕೊಂಡು ಬರಲಿ ಎಂದ.

ಬಳೆಗಾರ ಎಲ್ಲವನ್ನೂ ಕೇಳಿಸಿಕೊಂಡ. ಹಿಂದೆ ಮುಂದೆ ಬೇಡ, ಒಬ್ಬಳಿಗೆ ದಾರಿ ಕಂಡು ಇನ್ನೊಬ್ಬಳಿಗೆ ಬೆನ್ನು ಕಂಡರೆ ಹೇಗೆ ಎಂದ. ಪಕ್ಕಪಕ್ಕದಲ್ಲೇ ಇರಲಿ, ನಡುವೆ ಒಂದು ಹಲಗೆ ಹಾಕು, ಒಬ್ಬಳಿಗೆ ಅರ್ಧ ಬೆರಳಿನಷ್ಟೂ ಹೆಚ್ಚು ಜಾಗ ಹೋಗಬಾರದು ಎಂದ.

ಬಡಗಿ ದಿಮ್ಮಿಯ ಮೇಲೆ ಕುಣಿಯುತ್ತಿದ್ದ ಹೊನ್ನಿಯನ್ನು ತೋರಿಸಿದ. “ಅವಳ ಕಾಲು ನೆಟ್ಟಗಿದೆಯಲ್ಲಪ್ಪ. ಅವಳಿಗ್ಯಾಕೆ ಆಸನ?”

“ಒಂದು ಕೈಗೆ ತೊಡಿಸಿ ಇನ್ನೊಂದನ್ನ ಬರಿದು ಬಿಡೋದು ನನ್ನ ಕೈಲಾಗಲ್ಲ” ಎಂದ ಬಳೆಗಾರ.

ಬಡಗಿ ಗರಗಸ ಎತ್ತಿಕೊಂಡ. ಮರ ಕೊಯ್ಯಲು ಕುಳಿತ.

ಬಂಡಿ ಚೆನ್ನಾಗಿಯೇ ಆಯಿತು. ಗಟ್ಟಿ ಗಾಲಿ, ಅಗಲವಾದ ಹಿಡಿ, ಎರಡು ಆಸನ, ನಡುವೆ ಹಲಗೆ. ಬಾಗಿಲಲ್ಲಿ ಮಾತ್ರ ಹಿಡಿಸಲಿಲ್ಲ. ಬಳೆಗಾರ ತನ್ನ ಮನೆಯ ಬಾಗಿಲುವಾಡವನ್ನೇ ಕೀಳಿಸಿ, ಗೋಡೆಯನ್ನು ಎರಡು ಗೇಣು ಒಡೆಸಿದ. ಹೆಂಡತಿಗೆ ಇದು ಸರಿಬರಲಿಲ್ಲ. ಕೂರುವವಳಿಗೆ ಬಂಡಿ ಮಾಡಿಸಿದಿರಿ, ಸರಿ, ಓಡುವವಳನ್ನು ಯಾಕೆ ಕಟ್ಟಿಹಾಕುತ್ತೀರಿ ಎಂದು ಕೇಳಿದಳು. ನಿನಗೆ ಒಬ್ಬಳೇ ಮಗಳು, ನನಗೆ ಇಬ್ಬರು ಎಂದು ಅವನು ಅಂದುಬಿಟ್ಟ. ಹೆತ್ತವಳಿಗೆ ಆಡುವ ಮಾತಲ್ಲ ಅದು. ಅವಳು ಮತ್ತೆ ಆ ವಿಷಯ ಎತ್ತಲಿಲ್ಲ.

ಸೋಮವಾರ ಬಂತು. ಇಬ್ಬರನ್ನೂ ಕೂರಿಸಿದ. ಹೊನ್ನಿ ಮೊದಲ ದಿನ ಖುಷಿಯಿಂದ ಕುಳಿತಳು, ಹೊಸ ಬಂಡಿಯಲ್ಲವೇ. ಕೆರೆ ಕಂಡೊಡನೆ ಇಳಿಯಲು ಹೋದಳು. ಬಳೆಗಾರ ಅವಳ ಭುಜ ಹಿಡಿದು, ನೀನು ಇಳಿದರೆ ತಂಗಿಗೆ ನೋವಾಗುತ್ತದೆ, ಜಾಣೆಯಲ್ಲವೇ, ಕುಳಿತಿರು ಎಂದ. ಅವಳು ಕುಳಿತಳು. ಕಾಲು ಮಾತ್ರ ಸುಮ್ಮನಿರಲಿಲ್ಲ. ದಾರಿಯುದ್ದಕ್ಕೂ ಹಿಮ್ಮಡಿ ಹಲಗೆಗೆ ಬಡಿಯುತ್ತಿತ್ತು. ಅದು ನೀಲಿಗೆ ಕಾಣಬಾರದೆಂದು ಬಳೆಗಾರ ಇಬ್ಬರ ಮಡಿಲಿನ ಮೇಲೂ ಒಂದೇ ಕಂಬಳಿ ಹೊದಿಸಿದ. ಕೆಲವು ತಿಂಗಳಲ್ಲಿ ಬಡಿಯುವ ಸದ್ದು ನಿಂತಿತು. ಹುಡುಗಿಗೆ ಬುದ್ಧಿ ಬಂತು ಎಂದು ಅವನಿಗೆ ಸಮಾಧಾನವಾಯಿತು.

ಐದು ವರ್ಷ ಹೀಗೆಯೇ ನಡೆಯಿತು. ಮಕ್ಕಳು ಬೆಳೆದರು, ಬಂಡಿ ಭಾರವಾಯಿತು. ಏರಿ ಹತ್ತಿಸುವಾಗ ಬಳೆಗಾರ ಹಿಡಿಗೆ ಎದೆ ಕೊಟ್ಟು ತಳ್ಳುತ್ತಿದ್ದ. ಎದೆಯ ಮೇಲೆ ಅಡ್ಡಗೆರೆಯಂತೆ ಜಡ್ಡು ಕಟ್ಟಿತು. ನೋಡಿದವರು ಇಂಥ ತಂದೆ ಇರುತ್ತಾನೆಯೇ ಎಂದರು. ಆ ಮಾತು ಅವನ ದಣಿವನ್ನು ಅರ್ಧ ಇಳಿಸುತ್ತಿತ್ತು. ಪರವೂರಿನವರು ನಿಂತು ನೋಡಿ, ಪಾಪ, ಇಬ್ಬರೂ ಕುಂಟಿಯರೇ ಎಂದು ಕೇಳುತ್ತಿದ್ದರು. ಅವನು ಹೌದು ಎನ್ನುತ್ತಿರಲಿಲ್ಲ, ಅಲ್ಲ ಎಂದೂ ಹೇಳುತ್ತಿರಲಿಲ್ಲ. ಕಂಬಳಿ ಎಳೆದು ಸರಿಮಾಡಿ ಮುಂದೆ ತಳ್ಳುತ್ತಿದ್ದ. ಹೊನ್ನಿ ಒಮ್ಮೆಯೂ ತಿದ್ದಲಿಲ್ಲ. ಮನೆಯಲ್ಲಿ ನಡೆಯುವಾಗಲೂ ಅವಳು ಈಗ ಗೋಡೆಯಂಚಿನಲ್ಲಿ, ಸದ್ದಾಗದಂತೆ ಹೆಜ್ಜೆಯಿಡುತ್ತಿದ್ದಳು. ತನ್ನ ಕಾಲಿಗೆ ತಾನೇ ನಾಚುವುದನ್ನು ಆ ಮಗು ಕಲಿತಿತ್ತು. ಕಲಿಸಿದವನಿಗೆ ಅದು ಕಾಣಲಿಲ್ಲ.

ಹನ್ನೆರಡು ತುಂಬಿದ ಮೇಲಿನ ಒಂದು ಸೋಮವಾರ, ಬಂಡಿಯನ್ನು ಹೊಂಗೆ ಮರದಡಿ ನಿಲ್ಲಿಸಿ ಬಳೆಗಾರ ಮುಖ ತೊಳೆಯಲು ನೀರಿಗಿಳಿದ. ತಿರುಗಿ ನೋಡಿದರೆ ಹೊನ್ನಿ ಬಂಡಿಯಿಂದ ಇಳಿದಿದ್ದಳು. ಏರಿಯ ಮೇಲೆ ನಡೆಯುತ್ತಿದ್ದಳು. ಅವನು ಕೂಗಿದ. ಅವಳು ಓಡಲು ಶುರುಮಾಡಿದಳು. ಮೊದಲಿನ ಓಟವಲ್ಲ ಅದು, ಎರಡು ಸಲ ಮುಗ್ಗರಿಸಿದಳು. ಆದರೂ ನಿಲ್ಲಲಿಲ್ಲ, ಹಿಂದಿರುಗಿ ನೋಡಲಿಲ್ಲ. ಕೆರೆಯಾಚೆಗೆ ಅವಳ ತಾಯಿಯ ತವರೂರು. ಅಲ್ಲಿ ಅಜ್ಜಿಯ ಮನೆ ಸೇರಿದಳು.

ತಾಯಿ ಹೋಗಿ ಕರೆದಳು. ಆ ಬಂಡಿ ಇರುವ ಮನೆಗೆ ಬರುವುದಿಲ್ಲ ಎಂದಳಂತೆ ಹೊನ್ನಿ. ತಾಯಿ ಒತ್ತಾಯ ಮಾಡದೆ ವಾಪಸು ಬಂದಳು. ಬಳೆಗಾರನಿಗೆ ಸಿಟ್ಟು ಬಂತು. ಇಷ್ಟು ವರ್ಷ ತಳ್ಳಿದ್ದಕ್ಕೆ ಇದೇ ಫಲವೇ, ಕರುಳಿಲ್ಲದವಳು, ತಂಗಿಯನ್ನು ನಡುದಾರಿಯಲ್ಲಿ ಬಿಟ್ಟು ಹೋದಳು ಎಂದು ಬೈದ. ಅವನಿಗೆ ನಿಜವಾಗಿಯೂ ನೋವಾಗಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಮುಂದಿನ ಸೋಮವಾರ ನೀಲಿಯನ್ನು ಒಬ್ಬಳನ್ನೇ ಕೂರಿಸಿ ಹೊರಟ. ಬಂಡಿ ಓಣಿ ದಾಟಲಿಲ್ಲ. ಒಂದು ಕಡೆ ಭಾರ, ಒಂದು ಕಡೆ ಬರಿದು, ಹೆಜ್ಜೆಗೊಮ್ಮೆ ಎಡಕ್ಕೆ ವಾಲಿ ಗೋಡೆಗೆ ತಾಗುತ್ತಿತ್ತು. ಹುಡುಗಿಯನ್ನು ನಡುವೆ ಕೂರಿಸೋಣವೆಂದರೆ ಅವನೇ ಹೇಳಿ ಹಾಕಿಸಿದ ಹಲಗೆ. ಸ್ವಲ್ಪ ಹೊತ್ತು ಯೋಚಿಸಿದ. ಮನೆಯೊಳಗೆ ಹೋಗಿ ರುಬ್ಬುವ ಗುಂಡುಕಲ್ಲನ್ನು ಹೊತ್ತು ತಂದ. ಸಾಲಲಿಲ್ಲ. ಹಿತ್ತಲಿನಿಂದ ಇನ್ನೊಂದು ಕಲ್ಲು ತಂದ. ಎರಡನ್ನೂ ಹೊನ್ನಿಯ ಆಸನದಲ್ಲಿಟ್ಟು, ಉರುಳದಂತೆ ಕಂಬಳಿ ಸುತ್ತಿದ. ಬಂಡಿ ನೆಟ್ಟಗೆ ಹೋಯಿತು. ಹೆಂಡತಿ ಬಾಗಿಲಿಲ್ಲದ ಬಾಗಿಲಲ್ಲಿ ನಿಂತು ನೋಡಿದಳು. ಅಂದು ಅವಳು ಜೊತೆಗೆ ಬರಲಿಲ್ಲ.

ಕೆರೆಯ ಏರಿಯ ಮೇಲೆ ಬಳೆಗಾರ ಬುತ್ತಿ ಬಿಚ್ಚಿದ. ನೀಲಿ ಉಣ್ಣಲಿಲ್ಲ. ನೀರಂಚಿನಲ್ಲಿ ಕೊಕ್ಕರೆಗಳು ಕುಳಿತಿದ್ದವು. ಐದು ವರ್ಷದಿಂದ ಅವುಗಳನ್ನು ಯಾರೂ ಎಬ್ಬಿಸಿರಲಿಲ್ಲ. ಅವಳು ಅವನ್ನು ನೋಡಿದಳು, ಆಮೇಲೆ ಪಕ್ಕದ ಆಸನವನ್ನು ನೋಡಿದಳು. ಕಂಬಳಿಯನ್ನು ಸರಿಸಿ ಕಲ್ಲಿನ ಮೇಲೆ ಕೈಯಿಟ್ಟಳು.

“ಅಪ್ಪಾ, ಇಷ್ಟು ದಿನ ಅಕ್ಕನ್ನ ಕೂರಿಸಿದ್ದೂ ಇದಕ್ಕೇನಾ?”

ನಿನಗೆ ನೋವಾಗಬಾರದು ಅಂತ ಕಣಮ್ಮ ಎಂದ ಬಳೆಗಾರ. ಅಂದು, ಏಳು ವರ್ಷದವಳಿದ್ದಾಗ, ಇಲ್ಲಿಯೇ ಕುಳಿತು ಅತ್ತದ್ದನ್ನು ನೆನಪಿಸಿದ. ನೀನು ಅತ್ತದ್ದನ್ನು ನೋಡಲಾರದೆಯೇ ಇದನ್ನೆಲ್ಲ ಮಾಡಿದೆ ಎಂದ.

ನೀಲಿ ಕಲ್ಲಿನ ಮೇಲಿಂದ ಕೈ ತೆಗೆದಳು.

“ಅವತ್ತು ಸಂಜೆ ಆಗೋಯ್ತಲ್ಲ, ಇನ್ನು ಅಕ್ಕ ಓಡಲ್ಲ ಅಂತ ಅತ್ತೆ, ಅಪ್ಪ. ಅವಳು ಓಡೋದು ನೋಡೋಕಲ್ವಾ ನಾನು ಕೆರೆಗೆ ಬರ್ತಿದ್ದದ್ದು.”

ಬಳೆಗಾರನ ಕೈಯಲ್ಲಿ ತುತ್ತು ಹಾಗೆಯೇ ಉಳಿಯಿತು. ಅವನಿಗೆ ಕೇಳಬೇಕೆನಿಸಿದ್ದು ಒಂದೇ, ಐದು ವರ್ಷ ಯಾಕೆ ಹೇಳಲಿಲ್ಲ ಎಂದು. ಕೇಳಲಿಲ್ಲ. ಉತ್ತರ ಅವನಿಗೆ ಈ ಸಲ ನಿಜವಾಗಿಯೂ ಗೊತ್ತಿತ್ತು. ಅಷ್ಟು ಕಷ್ಟಪಟ್ಟು ಎದೆಯಿಂದ ತಳ್ಳುವ ಅಪ್ಪನಿಗೆ, ಇದು ನನಗೆ ಬೇಡ ಎಂದು ಯಾವ ಮಗು ಹೇಳುತ್ತದೆ?

ಅವನು ಕಲ್ಲುಗಳನ್ನು ಏರಿಯ ಮೇಲೆ ಇಳಿಸಿದ. ವಾಲುವ ಬಂಡಿಯನ್ನು ಎತ್ತಿ ಎತ್ತಿ ಹಿಡಿದುಕೊಂಡು ಮನೆ ಮುಟ್ಟಿದ. ಮಾರನೆಯ ದಿನ ಬಂಡಿಯನ್ನು ಒಡೆದು ನೀರೊಲೆಗೆ ಹಾಕಿದ, ಹೊನ್ನಿಗೆ ಹೇಳಿಕಳಿಸಿದ. ಅವಳು ಬಂದಳು. ನೀಲಿಯ ಪಕ್ಕದಲ್ಲಿ ಕುಳಿತು ಸಂಜೆಯವರೆಗೂ ಅವಳ ಜಡೆ ಬಾಚಿದಳು, ಆಮೇಲೆ ಅಜ್ಜಿಯ ಮನೆಗೆ ಹೊರಟಳು. ಹೊರಡುವ ಮುನ್ನ, ಒಂದೇ ಒಂದು ಸಲ ಅಂಗಳದಲ್ಲಿ ಓಡು ಎಂದು ನೀಲಿ ಕೇಳಿಕೊಂಡಳಂತೆ. ಹೊನ್ನಿ ಎದ್ದು ನಿಂತಳು. ತಂಗಿಯ ಕಣ್ಣೆದುರಿಗೆ ಅವಳ ಕಾಲು ಏಳಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೆ ಬಿಟ್ಟರು.

ಚೆನ್ನವೀರನಿಗೆ ಮನಸ್ಸು ಕಹಿಯಾಯಿತು. ಬಳೆಗಾರ ಮಾಡಿದ್ದೆಲ್ಲ ಪ್ರೀತಿಯಿಂದಲೇ ಅಲ್ಲವೇ ಎಂದು ಅವನ ಪರವಾಗಿ ವಾದಿಸಿದ. ಗುರುಗಳು ಅದನ್ನು ಒಪ್ಪಿದರು. ಪ್ರೀತಿಗೇನೂ ಕಡಮೆಯಿರಲಿಲ್ಲ, ಗೋಡೆಯನ್ನೇ ಒಡೆಸಿದನಲ್ಲ ಎಂದರು. ಆಮೇಲೆ, ನಿನ್ನ ತಮ್ಮ ಈಗಲೂ ಸಂಜೆಯ ಪ್ರಾರ್ಥನೆಗೆ ಬರುತ್ತಾನೆಯೇ ಎಂದು ವಿಚಾರಿಸಿದರು.

“ದಿನವೂ ಬರುತ್ತಾನೆ. ಎಲ್ಲರಿಗಿಂತ ಮೊದಲು ಬಂದು ನನ್ನ ಎದುರಿಗೇ ಕೂರುತ್ತಾನೆ” ಎಂದ ಚೆನ್ನವೀರ. ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು.

“ಗಂಟಲು ಹೋದವನಿಗೆ ಕಿವಿಯೂ ಹೋಯಿತು ಎಂದು ನಿನಗೆ ಯಾರು ಹೇಳಿದರು?” ಎಂದರು ಗುರುಗಳು.