ಎಡಕ್ಕೆ ಮುಖ ಮಾಡಿದ ತ್ರಿಕೋನಗಳು

"ಸರ್, ಚಿತ್ರ ಸರಿಯಾಗಿ ಬಂದೈತಿ ಅಂತ ಯಾವಾಗ ನಂಬಬೇಕು?"

ಕೊಟ್ರೇಶ ತನ್ನ ಗುರುಗಳನ್ನು ಹೀಗೆ ಕೇಳಿದಾಗ ಅವನ ಕೈಯಲ್ಲೊಂದು ಚಿತ್ರವಿತ್ತು. ಎಎಫ್‌ಎಂ ಎಂಬ ಸೂಕ್ಷ್ಮದರ್ಶಕದಲ್ಲಿ ತೆಗೆದದ್ದು. ಆ ಯಂತ್ರಕ್ಕೆ ಕಣ್ಣಿಲ್ಲ. ಕೂದಲಿಗಿಂತ ತೆಳುವಾದ ಪಟ್ಟಿಯ ತುದಿಯಲ್ಲಿ ಒಂದು ಮೊನೆಯಿದೆ. ಅದು ವಸ್ತುವಿನ ಮೈ ಸವರುತ್ತ ಹೋಗುತ್ತದೆ. ಸವರಿದ ಉಬ್ಬುತಗ್ಗೇ ಚಿತ್ರ. ಬೇರೆಯವರು ವಾರಗಟ್ಟಲೆ ಒದ್ದಾಡುವ ಆ ಯಂತ್ರವನ್ನು ಕೊಟ್ರೇಶ ಒಂದೇ ಬೆಳಿಗ್ಗೆ ಹದಕ್ಕೆ ತಂದಿದ್ದ. ಹೋರಿ ಪಳಗಿಸಿದ ಕೈ ಇದು, ಈ ಡಬ್ಬ ಯಾವ ಲೆಕ್ಕ ಎಂದು ಪ್ರಯೋಗಾಲಯದ ತುಂಬ ಹೇಳಿಕೊಂಡು ಬಂದಿದ್ದ. ಚಿತ್ರವೂ ಹಾಗೇ ಬಂದಿತ್ತು: ಅಚ್ಚು ಹೊಡೆದಂತೆ ಒಂದೇ ಆಕಾರದ ಕಣಗಳು. ಅವನ ಪ್ರಬಂಧ ಈ ಒಂದು ಚಿತ್ರದ ಮೇಲೆ ನಿಂತಿತ್ತು. ಸಂಜೆಯೊಳಗೆ ಅದನ್ನು ಕಳಿಸಬೇಕಿತ್ತು.

ಜೊತೆಯಲ್ಲಿ ಸಂಶೋಧನೆ ಮಾಡುವ ಸಬೀಹಾ ಮಾತ್ರ ಚಿತ್ರ ನೋಡಿ, "ಇನ್ನೊಂದು ಸಲ ತೆಗೀಬಾರ್ದಾ ಕೊಟ್ರೇಶಣ್ಣ?" ಅಂದಿದ್ದಳು. ಆ ಮಾತು ಅವನಿಗೆ ಹಲ್ಲಿನ ಸಂದಿಯ ನಾರಿನಂತೆ ಕಾಡುತ್ತಿತ್ತು. ಗುರುಗಳು ಒಮ್ಮೆ ಚೆನ್ನಾಗಿದೆ ಅಂದುಬಿಟ್ಟರೆ ಅವಳ ಬಾಯಿ ಮುಚ್ಚಿಸಬಹುದು.

ಗುರುಗಳು ಚಿತ್ರವನ್ನು ನೋಡಿದರು. ಮೇಜಿನ ಮೇಲೆ ಮಗುಚಿ ಇಟ್ಟರು. ಕತೆ ಹೇಳಿದರು.

ಒಬ್ಬ ವಿಜ್ಞಾನಿ ಇದ್ದ. ಅವನಲ್ಲೂ ಇಂಥದೇ ಯಂತ್ರ. ಅದನ್ನು ನೋಡಿಕೊಳ್ಳಲು ಒಬ್ಬಳು ಆಪರೇಟರ್ ಇದ್ದಳು. ಹನ್ನೆರಡು ವರ್ಷ ಆ ಯಂತ್ರದ ಜೊತೆ ಬಾಳಿದವಳು. ಹೊಸ ಮೊನೆ ಹಾಕಿದರೆ ಅವಳು ಅವಸರ ಮಾಡುತ್ತಿರಲಿಲ್ಲ. ಲೇಸರ್ ಬೆಳಕನ್ನು ಪಟ್ಟಿಯ ಬೆನ್ನಿಗೆ ಕೂರಿಸುವಳು. ಪಟ್ಟಿ ಯಾವ ಕಂಪನಕ್ಕೆ ಒಲಿಯುತ್ತದೆಂದು ಹುಡುಕುವಳು. ಮೊನೆಯನ್ನು ತಾಗಿತೋ ಇಲ್ಲವೋ ಎನ್ನುವಷ್ಟು ಹಗುರವಾಗಿ ಇಳಿಸುವಳು. ಆಮೇಲೆ ಮೊನೆಯ ಚುರುಕು ಹೆಚ್ಚಿಸುವ ಗೇನ್ ಏರಿಸುತ್ತ ಹೋಗಿ, ತೆರೆಯ ಮೇಲಿನ ಗೆರೆ ನಡುಗತೊಡಗಿದ ಕೂಡಲೇ ಒಂದು ಚೂರು ಇಳಿಸುವಳು. ಇಷ್ಟಕ್ಕೆ ಅರ್ಧ ದಿನ.

ವಿಜ್ಞಾನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಅವಳು ರಜೆ ಹಾಕಿದ ದಿನ ತಾನೇ ಕೂತ. ಚಿತ್ರ ಮಸುಕಾಗಿ ಬಂತು. ಮೊನೆಯನ್ನು ಒತ್ತಿದ. ಇನ್ನೂ ಒತ್ತಿದ. ಇದ್ದಕ್ಕಿದ್ದಂತೆ ಚಿತ್ರ ಚೊಕ್ಕವಾಯಿತು. ಅಲ್ಲಿಯವರೆಗೆ ಎಲ್ಲರೂ ದುಂಡಗೆ ಕಂಡಿದ್ದ ಕಣಗಳು ಅವನಿಗೆ ತ್ರಿಕೋನವಾಗಿ ಕಂಡವು. ಒಂದಲ್ಲ ಎರಡಲ್ಲ, ಅಷ್ಟೂ.

ಆಪರೇಟರ್ ಬಂದು ನೋಡಿದಳು. "ಸರ್, ಎಲ್ಲ ತ್ರಿಕೋನಾನೂ ಎಡಕ್ಕೇ ಮುಖ ಮಾಡಿವೆ."

"ಮಾಡ್ಲಿ ಬಿಡಮ್ಮ. ಬಲಕ್ಕೆ ತಿರುಗ್ರಪ್ಪ ಅಂತ ನಾನು ಹೋಗಿ ಬೇಡ್ಕೊಳ್ಳಲಾ?"

"ಸ್ಯಾಂಪಲ್ಲನ್ನ ಕಾಲು ಸುತ್ತು ತಿರುಗಿಸಿ ಮತ್ತೆ ತೆಗೀರಿ ಸರ್. ಆಕಾರ ಕಣದ್ದಾದ್ರೆ ಕಣದ ಜೊತೆ ತಿರುಗುತ್ತೆ. ಮೊನೆದಾದ್ರೆ ಇದ್ದಲ್ಲೇ ಇರುತ್ತೆ."

"ಹನ್ನೆರಡು ವರ್ಷ ಗುಂಡಿ ಒತ್ತಿದೀಯ. ಇನ್ನು ಮುಂದೂ ಅದನ್ನೇ ಒತ್ತು."

ಅವನು ತಿರುಗಿಸಲಿಲ್ಲ. ಕೆಲವು ತಿಂಗಳ ಮೇಲೆ ಅವಳೇ ತಿರುಗಿಸಿ ನೋಡಿದಳು. ತ್ರಿಕೋನಗಳು ಆಗಲೂ ಎಡಕ್ಕೇ ನೋಡುತ್ತಿದ್ದವು. ಒತ್ತಿದ ದಿನವೇ ಮೊನೆ ಮುರಿದು ಮೂರು ಮೂಲೆಯಾಗಿತ್ತು. ಕಣ ಮೊನೆಗಿಂತ ಚಿಕ್ಕದಾದರೆ ಮೊನೆ ಕಣವನ್ನು ಸವರುವುದಿಲ್ಲ, ಕಣವೇ ಮೊನೆಯನ್ನು ಸವರುತ್ತದೆ. ವಿಜ್ಞಾನಿ ಸಾವಿರ ಸಲ ತೆಗೆದದ್ದು ತನ್ನ ಮುರಿದ ಮೊನೆಯ ಚಿತ್ರ.

ಅವಳು ಎರಡು ಚಿತ್ರಗಳನ್ನು ಅವನ ಮುಂದಿಟ್ಟಳು. ಅವನಿಗೆ ಅರ್ಥವಾಯಿತು. ಆದರೆ ಅಷ್ಟರಲ್ಲಿ ಪ್ರಬಂಧ ಅಚ್ಚಾಗಿತ್ತು, ಹೆಗಲಿಗೆ ಶಾಲು ಬಿದ್ದಿತ್ತು. ಮರುವಾರ ಅವಳನ್ನು ಉಗ್ರಾಣಕ್ಕೆ ಹಾಕಿಸಿದ. ಖಾಲಿ ಶೀಷೆ ತೊಳೆಸುವ ಕೆಲಸ.

ಹೊಸ ಮೊನೆ ಹಾಕಿದರೆ ಕಣಗಳು ದುಂಡಗೆ ಕಾಣುತ್ತಿದ್ದವು. ಮೊನೆಗಳೇ ಸರಿಯಿಲ್ಲವೆಂದು ಪೆಟ್ಟಿಗೆಗಟ್ಟಲೆ ವಾಪಸು ಕಳಿಸಿದ. ಮುರಿದದ್ದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಕಾಪಾಡಿದ. ಅದೂ ಸವೆದ ಮೇಲೆ, ಹೊಸ ಮೊನೆಯನ್ನು ಮೊದಲು ಚೆನ್ನಾಗಿ ಒತ್ತಿ ಹದ ಮಾಡಬೇಕೆಂದು ಶಿಷ್ಯರಿಗೆ ಕಲಿಸಿದ. ಶಿಷ್ಯರಿಗೂ ತ್ರಿಕೋನಗಳು ಕಂಡವು. ಆಪರೇಟರ್ ಉಗ್ರಾಣದಲ್ಲೇ ನಿವೃತ್ತಳಾದಳು. ಬೀಳ್ಕೊಡುವ ದಿನ ಅವಳಿಗೆ ಹಾರ ಹಾಕಿದವನೂ ಅವನೇ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಕೊಟ್ರೇಶನಿಗೆ ಕತೆ ಹಿಡಿಸಲಿಲ್ಲ. ತನ್ನನ್ನು ಯಾರ ಸಾಲಿಗೆ ಸೇರಿಸಿದ್ದಾರೆಂದು ಅವನಿಗೆ ತಿಳಿಯದೆ ಇರಲಿಲ್ಲ. ಮಗುಚಿಟ್ಟ ಚಿತ್ರವನ್ನು ಎತ್ತಿಕೊಂಡು ಎದೆ ಸೆಟೆಸಿ ಕೂತ.

"ನಾನು ಅವನಂಗಲ್ಲ ಸರ್. ನಾ ಒತ್ತಿಲ್ಲ, ಎಲ್ಲಾ ಹದವಾಗೇ ಮಾಡೀನಿ. ಕಾಲು ಸುತ್ತಲ್ಲ, ನೂರು ಸುತ್ತು ತಿರುಗಿಸಿದ್ರೂ ತಿರುಗಿದಂಗೇ ಬರತೈತಿ. ಬೇಕಾದ್ರೆ ಬರೆದಿಟ್ಕಳ್ರಿ."

ಗುರುಗಳು ಗೋಡೆಯ ಗಡಿಯಾರ ನೋಡಿದರು.

"ತಿರುಗಿಸಿ ನೋಡೋಕೆ ಕಾಲು ಗಂಟೆ ಸಾಕು ಕೊಟ್ರೇಶ, ನೀನು ನನ್ನ ಮುಂದೆ ಬಂದು ಕೂತು ಒಂದು ಗಂಟೆಯಾಯ್ತು."