ಆಚೆ ದಡದ ಮರುದನಿ

ಹೊಳೆದಂಡೆಯ ಮಠದಲ್ಲಿ ಒಂದು ಹಳೆಯ ಗಂಟೆಯಿತ್ತು. ಊಟದ ಹೊತ್ತಿಗೆ ಅದು ಒಮ್ಮೆ ಢಣ್ ಎಂದು ಸುಮ್ಮನಾಗುತ್ತಿತ್ತು. ಆಚೆ ದಡದಲ್ಲಿ ಹಸಿದವರಿದ್ದರೆ ಅಲ್ಲಿಯ ಕಿರುಗಂಟೆ ಉತ್ತರ ಕೊಡುತ್ತಿತ್ತು. ಆಗ ಈಚೆಯಿಂದ ದೋಣಿ ಹೊರಡುತ್ತಿತ್ತು, ಅಡುಗೆಯವರು ಒಲೆ ಆರಿಸದೆ ಕಾಯುತ್ತಿದ್ದರು. ಹಾಗೆ ಉಣ್ಣಲು ಬಂದವರು ನೆಲೆ ನಿಂತೇ ಮಠದ ಸುತ್ತ ಒಂದು ಊರಾಯಿತು.

ಊರು ಬೆಳೆದ ಮೇಲೆ ಜನ ಗಂಟೆಯ ಹಗ್ಗ ಬಿಚ್ಚಿ ಪಕ್ಕದಲ್ಲಿ ಮೈಕು ಕಟ್ಟಿದರು.

"ಅಜ್ಜಾ, ನೀನಿನ್ನು ದಣಿವಾರಿಸಿಕೋ. ನನ್ನ ದನಿ ಮೂರು ಹರದಾರಿ ಕೇಳುತ್ತದೆ" ಎಂದಿತು ಮೈಕು.

"ಕರೆದಾದ ಮೇಲೆ ಸುಮ್ಮನಿರುತ್ತೀಯೇನು ತಮ್ಮಾ?" ಗಂಟೆ ಕೇಳಿತು.

"ಯಾಕೆ ಸುಮ್ಮನಿರಲಿ? ಊರಿನ ಹಿರಿಮೆ ಹೇಳುವುದಿದೆ. ಆಮೇಲೆ ಹಾಡುಗಳಿವೆ."

"ಮತ್ತೆ ಆಚೆಯವರ ಉತ್ತರ ಕೇಳುವುದು ಯಾವಾಗ?"

ಮೈಕಿಗೆ ಆ ಮಾತು ಕೇಳಿಸಲಿಲ್ಲ. ಹಸಿದವರಿಗಾಗಿ ಕಾದು ಉಣಿಸಿದ ಊರು ನಮ್ಮದು ಎಂದು ಅದು ಆಗಲೇ ಸಾರತೊಡಗಿತ್ತು.

ಆ ಗದ್ದಲದ ನಡುವೆ ಆಚೆ ದಡದ ಕಿರುಗಂಟೆ ಒಮ್ಮೆ ದನಿ ಮಾಡಿತು. ಸ್ವಲ್ಪ ತಡೆದು ಮತ್ತೊಮ್ಮೆ ದನಿ ಮಾಡಿತು. ಅದು ಕೇಳಿಸಿದ್ದು ಹಳೆಯ ಗಂಟೆಗೆ ಮಾತ್ರ. ಕೂಗಿ ಹೇಳೋಣವೆಂದರೆ ಅದಕ್ಕೆ ಹಗ್ಗವಿರಲಿಲ್ಲ.

ಕೆಳಗೆ ಅಡುಗೆಯವರು ಕೆಂಡಕ್ಕೆ ನೀರು ಚಿಮುಕಿಸುತ್ತಿದ್ದರು.